ಹೆಂಡತಿಗೆ ಗ್ರೀನ್ ಕಾರ್ಡ್ ಅರ್ಜಿ: ಊರಿನ ಪೇಪರ್‌ಗಳು ಒಂದಕ್ಕೊಂದು ತಾಳೆ ಆಗುತ್ತಿಲ್ಲ, ಏನು ಮಾಡಲಿ?

ಬೆಣ್ಣೆದೋಸೆ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಡಲ್ಲಾಸ್ ಹತ್ತಿರ ಇದ್ದೇನೆ, ಹೋದ ವರ್ಷ ಸಿಟಿಜನ್ ಆದೆ. ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ಮದುವೆ ಆಯಿತು. ಮನೆಯವರು ನೋಡಿದ ಹುಡುಗಿ. ಮೂರು ವಾರದ ರಜೆ, ಅಷ್ಟರಲ್ಲೇ ಮದುವೆ, ಬೀಗರೂಟ, ಮನೆದೇವರು, ಸಬ್ ರಿಜಿಸ್ಟ್ರಾರ್ ಆಫೀಸು ಎಲ್ಲಾ ಮುಗಿಸಿ ವಾಪಸ್ ಬಂದೆ. ಈಗ ಐ-130, ಅಂದರೆ ಹೆಂಡತಿಗಾಗಿ ಹಾಕುವ ಮೊದಲ ಅರ್ಜಿ, ಹಾಕೋಣ ಅಂತ ಕೂತರೆ ಫಾರ್ಮ್ ಏನೋ ಸುಲಭವಾಗೇ ಇದೆ, ಜೊತೆಗೆ ಇಡಬೇಕಾದ ಪೇಪರ್‌ಗಳದ್ದೇ ತಲೆನೋವು.

ಮೊದಲನೆಯದು ಹೆಸರು. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಪಾಸ್‌ಪೋರ್ಟ್‌ನಲ್ಲಿ ಬರೀ ಅವಳ ಹೆಸರು, ಸರ್‌ನೇಮ್ ಜಾಗ ಖಾಲಿ. ನಂದೂ ಅದೇ ಕಥೆ, ಸಿಟಿಜನ್ ಆಗುವಾಗ ಇನಿಷಿಯಲ್ ಬಿಡಿಸಿ ಬರೆಸಿದೆ, ಆದರೆ ಮದುವೆ ಸರ್ಟಿಫಿಕೇಟ್‌ನಲ್ಲಿ ಲಗ್ನಪತ್ರಿಕೆ ನೋಡಿ ಹಳೇ ಥರ ಟೈಪ್ ಮಾಡಿದ್ದಾರೆ. ಅವತ್ತು ಅವಸರದಲ್ಲಿ ನಾನೂ ನೋಡಲಿಲ್ಲ.

ಎರಡನೆಯದು ಹುಟ್ಟಿದ ಊರು. ಅವಳು ಹುಟ್ಟಿದ್ದು 1995ರಲ್ಲಿ, ಹಿರೇಕೆರೂರು ತಾಲ್ಲೂಕಿನ ಹಳ್ಳಿಯಲ್ಲಿ, ಅಜ್ಜಿ ಮನೆಯಲ್ಲೇ ಹೆರಿಗೆ. ಪಾಸ್‌ಪೋರ್ಟ್ ಮಾಡಿಸಿದ ಏಜೆಂಟ್ ದಾವಣಗೆರೆ ಅಂತ ಬರೆದುಬಿಟ್ಟಿದ್ದಾನೆ. ಬರ್ತ್ ಸರ್ಟಿಫಿಕೇಟ್ ಇಲ್ಲವೇ ಇಲ್ಲ. ದಾವಣಗೆರೆ ಪಾಲಿಕೆಯಲ್ಲಿ ಮಾವ ಎರಡು ಸಲ ವಿಚಾರಿಸಿದರು, ಸಿಗಲಿಲ್ಲ. ಈಗ ಯಾರೋ ಒಬ್ಬರು, ದುಡ್ಡು ಕೊಟ್ಟರೆ ದಾವಣಗೆರೆಯಲ್ಲೇ ಹುಟ್ಟಿದ್ದು ಅಂತ ಮಾಡಿಸಿಕೊಡುತ್ತೇನೆ, ಪಾಸ್‌ಪೋರ್ಟ್‌ಗೂ ಸರಿಹೋಗುತ್ತದೆ ಅಂತಿದ್ದಾರಂತೆ. ಮಾವ ಅರ್ಧ ಒಪ್ಪಿದ್ದಾರೆ.

ಮೂರನೆಯದು ತಾರೀಖು. ಧಾರೆ ಆಗಿದ್ದು ಒಂದು ದಿನ, ರಿಜಿಸ್ಟರ್ ಆಗಿದ್ದು ಹತ್ತು ದಿನ ಬಿಟ್ಟು. ಯಾವುದನ್ನು ಬರೆಯಬೇಕು?

ಇನ್ನು ನಿಜವಾದ ಮದುವೆ ಅನ್ನುವುದಕ್ಕೆ ಸಾಕ್ಷಿ ಕೊಡಿ ಅಂತಾರೆ. ಜಂಟಿ ಬ್ಯಾಂಕ್ ಖಾತೆ, ಒಟ್ಟಿಗೆ ಇದ್ದ ಮನೆಯ ಬಾಡಿಗೆ ಕರಾರು... ಹದಿನೆಂಟು ದಿನ ಒಟ್ಟಿಗೆ ಇದ್ದವರ ಹತ್ತಿರ ಇದೆಲ್ಲಾ ಎಲ್ಲಿಂದ ಬರಬೇಕು? ಲಾಯರ್ ಹಿಡಿಯಲೇಬೇಕಾ?

---

ಕಾಫಿತೋಟ_ನ್ಯೂಜೆರ್ಸಿ

ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಎರಡು ಬೇರೆ ಹಂತದ ಪೇಪರ್‌ಗಳನ್ನು ಒಂದೇ ಗಂಟು ಕಟ್ಟಿಕೊಂಡು ಕೂತಿದ್ದೀರಿ.

ಐ-130 ಹಂತದಲ್ಲಿ ಹೆಂಡತಿಯ ಬರ್ತ್ ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಬೇಕಾಗಿರುವುದು ನೀವು ಸಿಟಿಜನ್ ಅನ್ನುವುದಕ್ಕೆ ದಾಖಲೆ, ಮದುವೆ ಸರ್ಟಿಫಿಕೇಟ್, ಇಬ್ಬರದೂ ಎರಡಿಂಚು ಅಗಲ ಎರಡಿಂಚು ಉದ್ದದ ಫೋಟೋ, ಅವಳ ವಿವರದ ಐ-130ಎ, ಮತ್ತೆ ಮದುವೆ ನಿಜ ಅನ್ನುವ ಸಾಕ್ಷಿ. ಯಾರಿಗಾದರೂ ಮೊದಲೊಂದು ಮದುವೆ ಆಗಿದ್ದರೆ ಅದು ಮುಗಿದಿದ್ದಕ್ಕೆ ಕೋರ್ಟಿನ ಡಿಕ್ರಿ. ಬರ್ತ್ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ನಿಮ್ಮ ಆದಾಯ ತೋರಿಸುವ ಐ-864 ಫಾರ್ಮ್, ಇವೆಲ್ಲಾ ಬರುವುದು ಐ-130 ಪಾಸಾಗಿ ಎನ್‌ವಿಸಿಗೆ (ನ್ಯಾಷನಲ್ ವೀಸಾ ಸೆಂಟರ್) ಹೋದ ಮೇಲೆ. ನಮ್ಮದು ಅಲ್ಲಿಗೆ ಮುಟ್ಟಲು ವರ್ಷದ ಮೇಲೆ ಹಿಡಿಯಿತು. ಅಂದರೆ ಅರ್ಜಿ ಈಗ ಹಾಕಿ, ಹಿರೇಕೆರೂರಿನ ಓಡಾಟ ಅದರ ಪಾಡಿಗೆ ನಡೆಯಲಿ. ಬರ್ತ್ ಸರ್ಟಿಫಿಕೇಟ್ ಬರಲಿ ಅಂತ ನಾನು ಐದು ತಿಂಗಳು ಸುಮ್ನೆ ಕಾದೆ, ಆ ಐದು ತಿಂಗಳು ನೀರಿನಲ್ಲಿ ಹೋಮ.

ಆದರೆ ಒಂದು ಮಾತು. ಫಾರ್ಮ್‌ನಲ್ಲಿ ಹುಟ್ಟಿದ ಊರು ಅಂತ ಕೇಳುತ್ತಾರಲ್ಲ, ಅಲ್ಲಿ ನಿಜ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ತಪ್ಪಿದೆ ಅಂತ ಅದೇ ತಪ್ಪನ್ನು ಇಲ್ಲೂ ಬರೆದರೆ ಆಮೇಲೆ ಹಳ್ಳಿಯ ಸರ್ಟಿಫಿಕೇಟ್ ಸಿಕ್ಕಾಗ ನೀವೇ ಸುಳ್ಳು ಹೇಳಿದ ಹಾಗಾಗುತ್ತದೆ. ಒಂದು ಚೀಟಿಯಲ್ಲಿ ನಾಲ್ಕು ಸಾಲು ವಿವರಣೆ ಬರೆದು ಜೊತೆಗಿಡಿ. ಸಮಯ ಇದೆಯಲ್ಲ, ಬರ್ತ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಪಾಸ್‌ಪೋರ್ಟನ್ನೇ ತಿದ್ದಿಸಿ ಹೊಸದು ಮಾಡಿಸಿ.

ಹೆಸರಿನ ವಿಷಯಕ್ಕೆ ಹೆದರಬೇಡಿ, ನಮ್ಮ ಕಡೆ ಯಾರ ಹೆಸರು ಸರಿ ಇರುತ್ತದೆ ಹೇಳಿ. ಐ-130ರಲ್ಲಿ ಬೇರೆ ಯಾವ ಹೆಸರು ಬಳಸಿದ್ದೀರಿ ಅಂತ ಒಂದು ಪ್ರಶ್ನೆ ಇದೆ, ಎಲ್ಲರೂ ಅದನ್ನು ಖಾಲಿ ಬಿಡುತ್ತಾರೆ, ನೀವು ಬಿಡಬೇಡಿ. ಇನಿಷಿಯಲ್ ಇರುವುದು, ಅಪ್ಪನ ಹೆಸರು ಸೇರಿದ್ದು, ಎಲ್ಲಾ ರೂಪವನ್ನೂ ಅಲ್ಲಿ ಬರೆಯಿರಿ. ಇಬ್ಬರದೂ. ಜೊತೆಗೆ ಈ ಎಲ್ಲಾ ಹೆಸರೂ ಒಬ್ಬರದೇ ಅಂತ ಛಾಪಾ ಕಾಗದದ ಮೇಲೆ ನೋಟರಿ ಅಫಿಡವಿಟ್. ನಿಮ್ಮ ಮದುವೆ ಸರ್ಟಿಫಿಕೇಟ್ ಮಾತ್ರ ಸಬ್ ರಿಜಿಸ್ಟ್ರಾರ್ ಹತ್ತಿರವೇ ತಿದ್ದಿಸಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಇಡೀ ಕೇಸು ನಿಂತಿರುವುದು ಅದೊಂದರ ಮೇಲೆ.

ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದವರು ಇರುವ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ವೀಸಾದಲ್ಲಿ ಹಾಗೇ ಬರುತ್ತದೆ. ನನ್ನ ಹೆಂಡತಿಯನ್ನು ದಂತವೈದ್ಯರ ಕ್ಲಿನಿಕ್‌ನಲ್ಲಿ "ಫ್ನೂ, ಫ್ನೂ" ಅಂತ ಕೂಗುತ್ತಿದ್ದರು, ಇವಳು ಯಾರನ್ನೋ ಕರೀತಿದ್ದಾರೆ ಅಂತ ಕೂತೇ ಇದ್ದಳು. ಹೇಗಿದ್ದರೂ ಪಾಸ್‌ಪೋರ್ಟ್ ತಿದ್ದಿಸುತ್ತೀರಲ್ಲ, ಅದರ ಜೊತೆಗೇ ಹೆಸರನ್ನೂ ಎರಡು ಭಾಗ ಮಾಡಿಸಿಬಿಡಿ.

ತಾರೀಖು: ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರೋಕ್ತವಾಗಿ ಮದುವೆ ಆದ ದಿನವೇ ಮದುವೆಯ ದಿನ. ರಿಜಿಸ್ಟರ್ ಮಾಡಿಸುವುದು ಬರೀ ದಾಖಲೆಗೆ. ಸರ್ಟಿಫಿಕೇಟ್‌ನಲ್ಲಿ ಎರಡೂ ತಾರೀಖು ಇರುತ್ತದೆ, ಧಾರೆ ದಿನದ್ದನ್ನು ಬರೆಯಿರಿ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ಆಫೀಸಿನಲ್ಲೇ ಮದುವೆ ಆದವರಿಗೆ ಲೆಕ್ಕ ಬೇರೆ.

ಫೀಸು 2024ರ ಏಪ್ರಿಲ್‌ನಿಂದ ಆನ್‌ಲೈನ್ ಆದರೆ 625 ಡಾಲರ್, ಪೇಪರ್‌ನಲ್ಲಿ ಕಳಿಸಿದರೆ 675. ಆನ್‌ಲೈನೇ ವಾಸಿ. ಐ-130ಎಗೆ ಹೆಂಡತಿಯ ಸಹಿ ಬೇಕು ಅಂತ ಕೊರಿಯರ್ ಮಾಡಲು ಹೋಗಬೇಡಿ, ಅವಳು ಅಮೆರಿಕದ ಹೊರಗಿದ್ದರೆ ತುಂಬಿದರೆ ಸಾಕು, ಸಹಿ ಬೇಡ. ಇನ್ನೊಂದು, ಸಿಟಿಜನ್ ಸರ್ಟಿಫಿಕೇಟ್ ಮೇಲೆ ಕಾಪಿ ಮಾಡುವುದು ಅಪರಾಧ ಅಂತ ಬರೆದಿರುತ್ತದೆ, ಅದನ್ನು ನೋಡಿ ನಾನು ಎರಡು ದಿನ ಸ್ಕ್ಯಾನರ್ ಮುಟ್ಟಲಿಲ್ಲ. ಅಲ್ಲಿರುವುದು ಕಾನೂನಿನ ಅಧಿಕಾರ ಇಲ್ಲದೆ ಮಾಡಬಾರದು ಅಂತ. ಇಮಿಗ್ರೇಶನ್ ಅರ್ಜಿಗೆ ಕಾಪಿ ಕೊಡಬಹುದು.

ಲಾಯರ್? ನಿಮ್ಮ ಕೇಸಿಗೆ ಬೇಕಿಲ್ಲ ಅಂತ ನನ್ನ ಅನಿಸಿಕೆ. ಹಿಂದೆ ವೀಸಾ ಮೀರಿ ಉಳಿದಿದ್ದು, ಪೊಲೀಸ್ ಕೇಸು, ಹಳೇ ಅರ್ಜಿಯಲ್ಲಿ ಸುಳ್ಳು ಇಂಥದ್ದು ಏನಾದರೂ ಇದ್ದರೆ ಮಾತ್ರ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.

---

ಬ್ಯಾಡಗಿ_ಮೆಣಸಿನಕಾಯಿ

ಮೇಲಿನವರು ಎಲ್ಲಾ ಸರಿಯಾಗಿ ಹೇಳಿದ್ದಾರೆ, ನಾನು ಬರ್ತ್ ಸರ್ಟಿಫಿಕೇಟ್ ಬಗ್ಗೆ ಮಾತ್ರ ಹೇಳುತ್ತೇನೆ. ಅಕ್ಕನಿಗೋಸ್ಕರ ಇದೇ ಹಾವೇರಿ ಜಿಲ್ಲೆಯಲ್ಲಿ ಚಪ್ಪಲಿ ಸವೆಸಿದವನು ನಾನು.

ನಿಮ್ಮ ಮಾವ ಹುಡುಕುತ್ತಿರುವ ಜಾಗವೇ ತಪ್ಪು. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಅಪ್ಪ ಅಮ್ಮ ವಾಸ ಇರುವ ಜಾಗದಲ್ಲಿ ಅಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ, ಹಾಗಾಗಿ ಅರ್ಧ ಜನರ ದಾಖಲೆ ಅಜ್ಜಿ ಊರಿನ ತಾಲ್ಲೂಕಿನಲ್ಲಿ ಮಲಗಿರುತ್ತದೆ, ಅವರು ಮಾತ್ರ ಅಪ್ಪನ ಊರಿನ ಪಾಲಿಕೆ ಮುಂದೆ ಕ್ಯೂ ನಿಂತಿರುತ್ತಾರೆ. ಹಿರೇಕೆರೂರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್‌ನಲ್ಲಿ ಆ ಹಳ್ಳಿಯ 1995ರ ಜನನ ರಿಜಿಸ್ಟರ್ ಕೇಳಿಸಿ. ಹುಟ್ಟಿದ ತಾರೀಖಿಗೆ ಮಾತ್ರ ನೋಡಿ ಇಲ್ಲ ಅಂದುಬಿಡುತ್ತಾರೆ, ಹಿಂದೆ ಮುಂದೆ ಒಂದೆರಡು ತಿಂಗಳು ನೋಡಿಸಿ. ಹಳ್ಳಿಯಲ್ಲಿ ಬರೆಸಿದಾಗ ಬರೆಸಿದ್ದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ತಾರೀಖು ಹಾಕಿಕೊಂಡಿರುವುದೂ ಉಂಟು. ಮಗುವಿನ ಹೆಸರಿನ ಕಾಲಂ ಖಾಲಿ ಇರಬಹುದು, ಅಪ್ಪ ಅಮ್ಮನ ಹೆಸರಿಂದ ಹುಡುಕಬೇಕು.

ಇನ್ನೊಂದು ಸಿಕ್ಕು. 1995ರಲ್ಲಿ ಹಾವೇರಿ ಜಿಲ್ಲೆಯೇ ಇರಲಿಲ್ಲ, ಹಿರೇಕೆರೂರು ಆಗ ಧಾರವಾಡ ಜಿಲ್ಲೆ. ಹಾವೇರಿ ಆಗಿದ್ದು 1997ರಲ್ಲಿ, ನಿಮ್ಮ ದಾವಣಗೆರೆ ಜಿಲ್ಲೆ ಆಗಿದ್ದೂ ಅದೇ ವರ್ಷ. ಹಾಗಾಗಿ ಒಂದು ಪೇಪರ್‌ನಲ್ಲಿ ಧಾರವಾಡ, ಇನ್ನೊಂದರಲ್ಲಿ ಹಾವೇರಿ ಅಂತ ಬಂದರೆ ಗಾಬರಿ ಬೇಡ, ಎರಡೂ ಸರಿ. ಅಕ್ಕನ ಕೇಸಿಗೆ ಈ ವಿಷಯವನ್ನೂ ಚೀಟಿಯಲ್ಲಿ ಬರೆದು ಹಾಕಿದ್ದೆವು.

ಎಲ್ಲಾ ಹುಡುಕಿಯೂ ಸಿಗಲಿಲ್ಲ ಅಂದರೆ ಎರಡು ದಾರಿ. ದಾಖಲೆ ಲಭ್ಯವಿಲ್ಲ ಅಂತ ಅವರಿಂದಲೇ ಬರೆಸಿಕೊಂಡು, ಅದರ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಹುಟ್ಟಿದ್ದನ್ನು ಕಂಡ ಹಿರಿಯರ ಅಫಿಡವಿಟ್ ಕೊಡುವುದು. ಇಲ್ಲವೇ ತಡವಾಗಿ ನೋಂದಣಿ ಮಾಡಿಸುವುದು. ಹುಟ್ಟಿ ವರ್ಷ ದಾಟಿದ್ದರೆ ಮೊದಲೆಲ್ಲಾ ಕೋರ್ಟಿಗೆ ಹೋಗಬೇಕಿತ್ತು, 2023ರ ತಿದ್ದುಪಡಿ ಆದ ಮೇಲೆ ಡಿಸಿ, ಎಸಿ ಮಟ್ಟದ ಆದೇಶ ಅಂತ ಮಾಡಿದ್ದಾರೆ. ಹೊಸ ತಾರೀಖಿನ ನೋಂದಣಿ ಆದರೆ ಹಳೇ ಶಾಲಾ ದಾಖಲೆಯನ್ನೂ ಜೊತೆಗೆ ಕೊಡಿ.

ದುಡ್ಡು ಕೊಟ್ಟು ದಾವಣಗೆರೆಯಲ್ಲಿ ಹುಟ್ಟಿಸುವ ಮಾತು ಮಾತ್ರ ಇವತ್ತೇ ನಿಲ್ಲಿಸಿ. ಮಾವನಿಗೆ ನೀವೇ ಫೋನ್ ಮಾಡಿ. ಕಾನ್ಸುಲೇಟಿನವರು ಅನುಮಾನ ಬಂದರೆ ಕೊಟ್ಟ ಕಚೇರಿಯಲ್ಲೇ ಪರಿಶೀಲನೆ ಮಾಡಿಸುತ್ತಾರೆ. ಬರ್ತ್ ಸರ್ಟಿಫಿಕೇಟ್ ಇಲ್ಲದಿದ್ದರೆ ಅದಕ್ಕೆ ಪರಿಹಾರ ಇದೆ. ಸುಳ್ಳು ದಾಖಲೆ ಕೊಟ್ಟಿದ್ದು ಅಂತ ಆದರೆ ಅದು ಜೀವನಪೂರ್ತಿ ಬೆನ್ನು ಬಿಡುವುದಿಲ್ಲ.

---

ಮಲ್ಲಿಗೆ_ಮಾರು

ಇಲ್ಲಿ ಎಲ್ಲಾ ಗಂಡಸರೇ ಫಾರ್ಮ್ ತುಂಬುತ್ತಿದ್ದೀರಿ, ಇಂಟರ್‌ವ್ಯೂಗೆ ಒಬ್ಬಳೇ ಹೋಗಿ ನಿಲ್ಲುವವಳು ಹೆಂಡತಿ :) ನಾನು ಹಾಗೆ ಹೋಗಿ ಬಂದವಳು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದೂ ಮನೆಯವರು ನೋಡಿದ ಮದುವೆ. ಸಾಕ್ಷಿ ಇಲ್ಲ ಅಂತೀರಲ್ಲ, ನಮ್ಮಲ್ಲಿ ಮದುವೆ ಅಂದರೆ ಎಷ್ಟು ಕಾಗದ ಹುಟ್ಟುತ್ತದೆ ಅಂತ ಒಂದು ಸಲ ಯೋಚನೆ ಮಾಡಿ. ಲಗ್ನಪತ್ರಿಕೆ, ಛತ್ರದ ರಸೀದಿ, ಅಡುಗೆಯವರ ಅಡ್ವಾನ್ಸ್, ಬಯೋಡೇಟಾ ಕಳಿಸಿದ್ದು, ನಿಶ್ಚಿತಾರ್ಥದ ಫೋಟೋ, ನೀವು ಊರಿಗೆ ಬಂದ ಟಿಕೆಟ್ ಮತ್ತು ಪಾಸ್‌ಪೋರ್ಟಿನ ಸೀಲು. ಫೋಟೋ ಆಯುವಾಗ ಇಬ್ಬರೇ ಪೋಸು ಕೊಟ್ಟು ನಿಂತಿರುವ ಇನ್ನೂರು ಹಾಕಬೇಡಿ. ಎರಡೂ ಕಡೆ ಅಪ್ಪ ಅಮ್ಮ, ಸೋದರಮಾವ, ನೆಂಟರು ತುಂಬಿರುವ ಇಪ್ಪತ್ತು ಮೂವತ್ತು ಸಾಕು, ಹಿಂದೆ ಯಾರು, ಎಲ್ಲಿ, ಯಾವತ್ತು ಅಂತ ಬರೆಯಿರಿ. ವಾಟ್ಸಾಪ್ ಮಾತು ಇಡೀ ಪ್ರಿಂಟ್ ತೆಗೆಯಬೇಡಿ, ತಿಂಗಳಿಗೆ ಒಂದೆರಡು ಪುಟ ಸಾಕು. ಕನ್ನಡದ್ದಾದರೆ ಅನುವಾದ ಬೇಕು. ಅನುವಾದಕ್ಕೆ ದೊಡ್ಡ ಏಜೆನ್ಸಿ ಏನೂ ಬೇಡ, ಎರಡೂ ಭಾಷೆ ಬರುವವರು ಮಾಡಿ, ಕೆಳಗೆ ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ ಅಂತ ಬರೆದು ಸಹಿ ಹಾಕಬೇಕು. ನಮಗೆ ಮಾಡಿಕೊಟ್ಟಿದ್ದು ನನ್ನ ಕಾಲೇಜಿನ ಇಂಗ್ಲಿಷ್ ಮೇಡಂ.

ಮುಖ್ಯವಾದದ್ದು ಅರ್ಜಿ ಹಾಕಿದ ದಿನಕ್ಕೆ ನಿಲ್ಲಿಸಬೇಡಿ. ಆಮೇಲೆ ವರ್ಷಗಟ್ಟಲೆ ಸಮಯ ಇರುತ್ತದಲ್ಲ, ಅಷ್ಟರಲ್ಲಿ ಸಾಧ್ಯವಾದರೆ ಒಂದು ಸಲ ಊರಿಗೆ ಬನ್ನಿ. ಆಫೀಸಿನ ವಿಮೆಯಲ್ಲಿ ನಾಮಿನಿ ಅಂತ ಹೆಂಡತಿ ಹೆಸರು ಹಾಕಿಸಿ. ಇಂಟರ್‌ವ್ಯೂ ದಿನ ಹೊಸ ಸಾಕ್ಷಿ ಕೈಯಲ್ಲಿರಬೇಕು.

ಪೊಲೀಸ್ ಕ್ಲಿಯರೆನ್ಸ್ ಈಗಲೇ ಮಾಡಿಸಬೇಡಿ. ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ, ಆದರೆ ವೀಸಾಗೆ ಅದರ ಆಯಸ್ಸು ಎರಡು ವರ್ಷ, ಪಾಸ್‌ಪೋರ್ಟ್ ಬೇರೆ ಬದಲಾಯಿಸುತ್ತೀರಿ. ಎನ್‌ವಿಸಿ ಪತ್ರ ಬಂದ ಮೇಲೆ ಸಾಕು. ಬೇರೆ ದೇಶದಲ್ಲಿ 16 ವರ್ಷದ ಮೇಲೆ ಒಂದು ವರ್ಷ ಇದ್ದಿದ್ದರೆ ಅಲ್ಲಿಯದ್ದೂ ಬೇಕು, ನನಗೆ ದುಬೈದು ತರಿಸಲು ಸಾಕುಬೇಕಾಯಿತು.

ನನ್ನ ಇಂಟರ್‌ವ್ಯೂ ಮುಂಬೈಯಲ್ಲಿ, ಬಿಕೆಸಿಯ ಕಾನ್ಸುಲೇಟ್. ಅದಕ್ಕೆ ಮೊದಲು ಮೆಡಿಕಲ್, ಅವರ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರವೇ ಆಗಬೇಕು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಲಸಿಕೆ. ಚಿಕ್ಕಂದಿನ ಲಸಿಕೆ ಕಾರ್ಡ್ ಯಾರ ಮನೆಯಲ್ಲಿದೆ ಹೇಳಿ, ನನಗೆ ಒಂದೇ ದಿನ ಎರಡೂ ತೋಳಿಗೆ ಚುಚ್ಚಿದರು. ಕೌಂಟರ್‌ನಲ್ಲಿ ಕೇಳಿದ್ದು ಐದೇ ನಿಮಿಷ. ಗಂಡ ಏನು ಕೆಲಸ ಮಾಡುತ್ತಾರೆ, ಮೊದಲು ಎಲ್ಲಿ ನೋಡಿದಿರಿ, ಮದುವೆಗೆ ಅವರ ಕಡೆಯಿಂದ ಯಾರು ಬಂದಿದ್ದರು, ಅವರ ಅಣ್ಣ ಎಲ್ಲಿದ್ದಾರೆ. ಕಂಠಪಾಠ ಮಾಡಿಸಬೇಡಿ ದಯವಿಟ್ಟು. ನನ್ನ ಮುಂದೆ ನಿಂತಿದ್ದ ಹುಡುಗಿ ಗಂಡ ಕಳಿಸಿದ ಪ್ರಶ್ನೆ ಉತ್ತರ ಹಾಳೆಯನ್ನು ಕೈ ನಡುಗುತ್ತಾ ಓದುತ್ತಿದ್ದಳು, ಪಾಪ ಅನಿಸಿತು. ಆ ಫಾರ್ಮ್‌ಗಳಲ್ಲಿ ಏನು ಬರೆದಿದ್ದೀರಿ ಅಂತ ಅವಳಿಗೂ ಒಂದು ಕಾಪಿ ಕಳಿಸಿ, ಅಷ್ಟು ಸಾಕು.

---

ಬೆಣ್ಣೆದೋಸೆ_ಡಲ್ಲಾಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡ ಹಾವೇರಿ ವಿಷಯ ತಲೆಗೇ ಹೊಳೆದಿರಲಿಲ್ಲ. ಮಾವನ ಜೊತೆ ಮಾತಾಡಿದೆ, ಸ್ವಲ್ಪ ಬಿಸಿಯಾಯಿತು, ಆದರೂ ಒಪ್ಪಿದರು.

ಇನ್ನೆರಡು ಪ್ರಶ್ನೆ. ಹೋದ ವರ್ಷ ಆರು ತಿಂಗಳು ಕೆಲಸ ಇರಲಿಲ್ಲ, ಟ್ಯಾಕ್ಸ್ ರಿಟರ್ನ್‌ನಲ್ಲಿ ಆದಾಯ ಕಡಿಮೆ ಕಾಣುತ್ತದೆ. ಈಗ ಒಳ್ಳೇ ಕೆಲಸ ಇದೆ. ಐ-864ಕ್ಕೆ ತೊಂದರೆ ಆಗುತ್ತದಾ? ಮತ್ತೆ, ಅರ್ಜಿ ನಡೆಯುತ್ತಿರುವಾಗ ಅವಳನ್ನು ಟೂರಿಸ್ಟ್ ವೀಸಾದಲ್ಲಿ ಕರೆಸಿಕೊಂಡು ಇಲ್ಲೇ ಗ್ರೀನ್ ಕಾರ್ಡ್‌ಗೆ ಹಾಕಿಬಿಡು ಅಂತ ಗೆಳೆಯ ಹೇಳುತ್ತಿದ್ದಾನೆ.

---

ಲೆಕ್ಕದ_ಶ್ಯಾನುಭೋಗ

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಟೂರಿಸ್ಟ್ ವೀಸಾ ಅಂದರೆ ಹೋಗಿ ವಾಪಸ್ ಬರುತ್ತೇನೆ ಅಂತ ಹೇಳಿ ತೆಗೆದುಕೊಳ್ಳುವುದು. ಇಲ್ಲೇ ಉಳಿಯುವ ಉದ್ದೇಶ ಇಟ್ಟುಕೊಂಡು ಬಂದರೆ ಅದು ಸುಳ್ಳು ಹೇಳಿ ಬಂದಂತೆ. ಐ-130 ಹಾಕಿರುವುದನ್ನು ಆ ಅರ್ಜಿಯಲ್ಲಿ ಕೇಳುತ್ತಾರೆ, ಮುಚ್ಚಿಡಲು ಆಗುವುದಿಲ್ಲ, ಸಾಮಾನ್ಯವಾಗಿ ವೀಸಾವೇ ಸಿಗುವುದಿಲ್ಲ. ನಿಮ್ಮ ಗೆಳೆಯ ಒಳ್ಳೆಯವರಿರಬಹುದು, ಆದರೆ ರಿಸ್ಕು ಅವರದ್ದಲ್ಲವಲ್ಲ.

ಆದಾಯ: ಐ-864ರಲ್ಲಿ ಈಗಿನ ಆದಾಯವೇ ಮುಖ್ಯ. ಬಡತನ ರೇಖೆಯ ಶೇಕಡಾ 125ರಷ್ಟು ಇರಬೇಕು, ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ 26,437 ಡಾಲರ್. ಪ್ರತಿ ವರ್ಷ ಬದಲಾಗುತ್ತದೆ, ಕೊಡುವ ದಿನದ್ದನ್ನು ನೋಡಿಕೊಳ್ಳಿ. ಐಆರ್‌ಎಸ್‌ನಿಂದ (ಅಮೆರಿಕದ ಟ್ಯಾಕ್ಸ್ ಇಲಾಖೆ) ನಿಮ್ಮ ರಿಟರ್ನ್‌ನ ಟ್ರಾನ್ಸ್‌ಕ್ರಿಪ್ಟ್ ತೆಗೆಯಿರಿ, ಇತ್ತೀಚಿನ ಪೇ ಸ್ಲಿಪ್, ಕಂಪನಿಯ ಪತ್ರ ಇಡಿ. ಆ ಹೊತ್ತಿಗೆ ಮತ್ತೆ ಕೆಲಸ ಹೋಯಿತು ಅಂದರೆ ಇಲ್ಲಿರುವ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಒಬ್ಬರು ಜಂಟಿಯಾಗಿ ಜವಾಬ್ದಾರಿ ಹೊರಬಹುದು, ನೆಂಟರೇ ಆಗಬೇಕಿಲ್ಲ. ಉಳಿತಾಯ, ಮನೆ ತೋರಿಸಬಹುದು, ಸಿಟಿಜನ್ ಆದವರು ಹೆಂಡತಿಗೆ ಹಾಕುವುದಾದರೆ ಕಡಿಮೆ ಬಿದ್ದ ಮೊತ್ತದ ಮೂರು ಪಟ್ಟು.

ಜನ ಎಡವುವುದು ಇನ್ನೊಂದು ಕಡೆ. ನಿಮಗೆ ಫೆಬ್ರವರಿಯಲ್ಲಿ ಮದುವೆ ಆಗಿದೆ, ಅಂದರೆ ಈ ವರ್ಷದ ಟ್ಯಾಕ್ಸ್ ಕಟ್ಟುವಾಗ ನೀವು ಸಿಂಗಲ್ ಅಲ್ಲ. ಹೆಂಡತಿ ಊರಲ್ಲಿದ್ದಾಳೆ, ಅವಳಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲ ಅಂತ ಹಳೇ ಅಭ್ಯಾಸದಲ್ಲಿ ಸಿಂಗಲ್ ಅಂತ ಒತ್ತಿಬಿಡುತ್ತಾರೆ. ಒಂದು ಫೈಲಿನಲ್ಲಿ ಮದುವೆ ಆಗಿದೆ ಅಂತ ಪ್ರಮಾಣ, ಇನ್ನೊಂದರಲ್ಲಿ ಆಗಿಲ್ಲ ಅಂತ ಪ್ರಮಾಣ. ಮದುವೆಯಾಗಿ ಬೇರೆಬೇರೆ ಸಲ್ಲಿಸುವುದು ಅಂತ ಇದೆ, ಅಥವಾ ಅವಳಿಗೆ ಐಟಿಐಎನ್ (ಎಸ್‌ಎಸ್‌ಎನ್ ಇಲ್ಲದವರ ಟ್ಯಾಕ್ಸ್ ನಂಬರ್) ಮಾಡಿಸಿ ಜಂಟಿಯಾಗಿ ಹಾಕಿ.

ಖರ್ಚಿನ ಅಂದಾಜಿಗೆ: ಎನ್‌ವಿಸಿಯಲ್ಲಿ 325 ಮತ್ತು 120 ಡಾಲರ್, ವೀಸಾ ಬಂದ ಮೇಲೆ ಗ್ರೀನ್ ಕಾರ್ಡಿಗೆ 235, ಮೆಡಿಕಲ್ ಬೇರೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅವರು ಇಲ್ಲಿಗೆ ಬಂದಿಳಿದರೆ ಎರಡೇ ವರ್ಷದ ಕಾರ್ಡ್, ಅದು ಮುಗಿಯುವ ಮೊದಲಿನ 90 ದಿನದಲ್ಲಿ ಐ-751, ಅಂದರೆ ಕಾರ್ಡಿನ ಷರತ್ತು ತೆಗೆಸುವ ಅರ್ಜಿ, ಹಾಕಬೇಕು. ಎರಡು ವರ್ಷ ತುಂಬಿದ ಮೇಲೆ ಬಂದರೆ ನೇರ ಹತ್ತು ವರ್ಷದ್ದು. ನಿಮ್ಮ ವೇಗ ನೋಡಿದರೆ ಅಂಚಿಗೆ ಬರಬಹುದು. ಕೆಲವರು ಬೇಕಂತಲೇ ಎರಡು ವಾರ ತಡ ಮಾಡಿ ಟಿಕೆಟ್ ತೆಗೆಯುತ್ತಾರೆ.

---

ಗೋಲಿಸೋಡಾ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಸಿಟಿಜನ್‌ಶಿಪ್ ಇಲ್ಲ, ಗ್ರೀನ್ ಕಾರ್ಡ್ ಮಾತ್ರ. ಹೆಂಡತಿಗೆ ಹೀಗೇ ಹಾಕಬಹುದಾ?

---

ಕಾಫಿತೋಟ_ನ್ಯೂಜೆರ್ಸಿ

ಹಾಕಬಹುದು, ಅದೇ ಐ-130. ಆದರೆ ನಿಮ್ಮದು ಎಫ್2ಎ, ಅಂದರೆ ಗ್ರೀನ್ ಕಾರ್ಡ್ ಇರುವವರ ಹೆಂಡತಿ ಮಕ್ಕಳ ಸಾಲು, ಅದಕ್ಕೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ, ಯಾರ ಸರದಿ ಬಂತು ಅಂತ ಪ್ರತಿ ತಿಂಗಳ ವೀಸಾ ಬುಲೆಟಿನ್ ನೋಡುತ್ತಾ ಕೂರಬೇಕು. ಮಧ್ಯದಲ್ಲಿ ನೀವು ಸಿಟಿಜನ್ ಆದರೆ ಅದೇ ಅರ್ಜಿ ಮಿತಿ ಇಲ್ಲದ ಸಾಲಿಗೆ ಬರುತ್ತದೆ, ಹೊಸದಾಗಿ ಹಾಕಬೇಕಿಲ್ಲ. ಅದಕ್ಕೇ ಇವತ್ತೇ ಹಾಕಿ.

---

ಬೆಣ್ಣೆದೋಸೆ_ಡಲ್ಲಾಸ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಐ-130 ಆನ್‌ಲೈನ್‌ನಲ್ಲಿ ಹಾಕಿದೆ, ರಸೀದಿ ಬಂತು. ನಾಲ್ಕು ರೂಪದ ಹೆಸರೂ ಬರೆದೆ, ಹುಟ್ಟಿದ ಊರು ಹಳ್ಳಿಯದ್ದೇ ಬರೆದೆ, ವಿವರಣೆ ಚೀಟಿ ಸೇರಿಸಿದೆ. ಮದುವೆ ಸರ್ಟಿಫಿಕೇಟ್ ತಿದ್ದಿಸಲು ನಾನೂ ಬರಬೇಕು ಅಂದಿದ್ದಾರೆ, ಸದ್ಯಕ್ಕೆ ಅಫಿಡವಿಟ್ ಜೊತೆ ಕಳಿಸಿದ್ದೇನೆ, ದಸರಾಗೆ ಹೋದಾಗ ಅದನ್ನೂ ಮುಗಿಸುತ್ತೇನೆ.

ಬ್ಯಾಡಗಿ ಸರ್, ನೀವು ಹೇಳಿದ್ದೇ ನಿಜ. ಹಿರೇಕೆರೂರಿನಲ್ಲಿ ರಿಜಿಸ್ಟರ್ ಸಿಕ್ಕಿತು. ಮೊದಲ ದಿನ ಇಲ್ಲ ಅಂದರಂತೆ. ಮಾವ ಜಗಳ ಆಡದೆ ಹೊರಗೆ ಕೂತು, ಊಟ ಆದ ಮೇಲೆ ಮತ್ತೆ ಹೋಗಿ ಮುಂದಿನ ತಿಂಗಳಿನದ್ದು ತೆಗೆಸಿದ್ದಾರೆ. ಇಪ್ಪತ್ತಮೂರು ದಿನ ತಡವಾಗಿ ಬರೆಸಿದ್ದಾರೆ. ಹೆಸರಿನ ಜಾಗ ಖಾಲಿ, ಬರೀ ಹೆಣ್ಣು ಅಂತ ಇದೆ. ಅತ್ತೆಯ ಹೆಸರು ಸರಿಯಾಗಿದೆ. ಮಾವನ ಹೆಸರನ್ನು ಮಾತ್ರ ಊರಲ್ಲಿ ಕರೆಯುವ ಅಡ್ಡಹೆಸರಿನಲ್ಲೇ ಬರೆಸಿಬಿಟ್ಟಿದ್ದಾರೆ, ಬರೆಸಿದ್ದು ಅಜ್ಜ ಅಂತೆ. ಈಗ ಮಾವನೇ ಮಾವ ಅಂತ ಇನ್ನೊಂದು ಅಫಿಡವಿಟ್ ಬೇಕು. ಸೋಮವಾರ ಮತ್ತೆ ಹೋಗುತ್ತಿದ್ದಾರೆ, ಈ ಸಲ ಅವರ ಎಸ್ಸೆಸ್ಸೆಲ್ಸಿ ಕಾರ್ಡನ್ನೂ ಹಿಡಿದುಕೊಂಡು.